ಭಾವನ ಮೇಲೆ ಕೇಸು

ಬೇಕರಿಯಲ್ಲಿ ಹಿಟ್ಟು ನಾದುವುದು ಅವಳ ಕಸುಬು. ಬಲಭುಜ ಮುರಿದ ಮೇಲೆ ಗಲ್ಲಾದ ಮುಂದೆ ಸುಮ್ಮನೆ ಕೂರುವಂತಾಗಿತ್ತು. ಅಕ್ಕನ ಗಂಡ ಪ್ರವಾಸಿಗರ ದೋಣಿ ಓಡಿಸುವವನು. ಮನೆಯವರನ್ನೆಲ್ಲ ಸುತ್ತಾಡಿಸುತ್ತೇನೆಂದು ಕರೆದೊಯ್ದವನು, ಫೋನಿನಲ್ಲಿ ಹರಟುತ್ತಾ ದೋಣಿಯನ್ನು ಸೇತುವೆಯ ಕಂಬಕ್ಕೆ ಗುದ್ದಿಸಿದ್ದ.

ಈಗ ಅವನೇ ಅಕ್ಕನನ್ನೂ ಕರೆದುಕೊಂಡು ಬೇಕರಿಗೆ ಬಂದು ಒಂದು ಕಾಗದ ಚಾಚಿದ. ‘ನಾನೇ ಎದ್ದು ನಿಂತು ಜಾರಿಬಿದ್ದೆ’ ಎಂದು ಅವಳ ಹೆಸರಿನಲ್ಲಿ ಬರೆದಿತ್ತು.

“ಒಂದು ಸಹಿ ಹಾಕಮ್ಮ. ಇಲ್ಲದಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ.”

ಅವಳ ಮೈಯೆಲ್ಲ ಉರಿದುಹೋಯಿತು. “ಇದಕ್ಕೆ ಸಹಿ ಹಾಕಿದ್ರೆ ಪರಿಹಾರ ಸಿಗಲ್ಲ ಅಂತ ಲಾಯರ್ ಹೇಳಿದಾರೆ. ನಿಮ್ಮ ಜೇಬಿಂದೇನೂ ಕೇಳ್ತಿಲ್ಲ ಭಾವ, ದೋಣಿಗೆ ವಿಮೆ ಇದೆಯಲ್ಲ!”

“ಮನೆಯವರ ಮೇಲೇ ಕೇಸ್ ಹಾಕ್ತಾರಾ ಯಾರಾದ್ರೂ?”

“ಮನೆಯವರ ಭುಜ ಮುರಿದು, ಮೇಲಿಂದ ಸುಳ್ಳು ಬರೆಸ್ಕೋತಾರಾ ಯಾರಾದ್ರೂ?”

ಭಾವ ಹೆಂಡತಿಯ ಕಡೆ ತಿರುಗಿದ. “ನೀನಾದ್ರೂ ಬುದ್ಧಿ ಹೇಳು.”

ಅಕ್ಕ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. “ಫೋನ್ ಇಡಿ, ಇಡಿ ಅಂತ ಅವತ್ತು ಬಡ್ಕೊಂಡೆ. ಕೇಳಿದ್ರಾ? ಕೋರ್ಟಲ್ಲೂ ಅದನ್ನೇ ಹೇಳ್ತೀನಿ” ಎಂದು ಕಾಗದವನ್ನು ಕಿತ್ತುಕೊಂಡು ಪರಪರನೆ ಹರಿದಳು.

ಆಡಿದಂತೆಯೇ ನಡೆದುಕೊಂಡಳು. ವಿಮಾ ಕಂಪನಿ ಪರಿಹಾರ ಕೊಟ್ಟಿತು, ಭಾವನ ಲೈಸೆನ್ಸೂ ಹೋಯಿತು. ಅವನು ಇಂದಿಗೂ ನಾದಿನಿಯ ಮುಖ ನೋಡುವುದಿಲ್ಲ. ಅವಳಿಗೂ ಸಿಟ್ಟು ಇಳಿದಿಲ್ಲ. ತಲೆ ಬಾಚಿಕೊಳ್ಳಲು ಕೈ ಮೇಲೇಳದಾಗಲೆಲ್ಲ ಅವನಿಗೆ ಮನಸಾರೆ ಶಾಪ ಹಾಕುತ್ತಾಳೆ.