ಪೇಜಿನ ಕೆಳಗಿನ ನಂಬರು

ಲೋಕೇಶ ಬೀಸಿ ಎಸೆದ ಮೊಬೈಲು ಗೋಡೆಗೆ ಬಡಿದು, ಹೊಲಿಗೆ ಮಿಷನ್ನಿನ ಮೇಲೆ ಬಿದ್ದು ಚೂರಾಯಿತು. ಅವನದೇ ಮೊಬೈಲು. ಸಿಟ್ಟಿನಲ್ಲಿ ಅಷ್ಟೂ ತಿಳಿಯಲಿಲ್ಲ ಮಹಾರಾಯನಿಗೆ.

"ನಾನೇನು ನಿನ್ ಅಸಿಸ್ಟೆಂಟೇನೇ?" ಅಂತ ಹೆಂಡತಿಯ ಮೇಲೆ ಕೂಗಿದ. "ಶೆಡ್ಡಲ್ಲಿ ಎಲ್ರ ಮುಂದೆ ಯಾವಳೋ ಫೋನ್ ಮಾಡಿ ಕೇಳ್ತಾಳೆ, ಲಾವಣ್ಯ ಮೇಡಂ ಅಸಿಸ್ಟೆಂಟಾ ನೀವು ಅಂತ!"

ಲಾವಣ್ಯ ಯಾರದೋ ಮದುವೆ ರವಿಕೆಗೆ ಜರಿಯಲ್ಲಿ ನವಿಲು ತುಂಬುತ್ತಿದ್ದಳು. ಮರದ ಚೌಕಟ್ಟಿಗೆ ಬಿಗಿದ ರೇಷ್ಮೆ, ಬೆರಳಲ್ಲಿ ಕೊಕ್ಕೆಸೂಜಿ. ತಲೆ ಎತ್ತಿದ್ದೇ ತಡ, ಕೆನ್ನೆಗೆ ಬಿತ್ತು.

ಆಗಿದ್ದು ಇಷ್ಟು. ಪೀಣ್ಯದ ಆ ಗಲ್ಲಿಯಲ್ಲಿ ಅವಳಷ್ಟು ಚೆನ್ನಾಗಿ ಕಸೂತಿ ಹಾಕುವವರು ಇರಲಿಲ್ಲ, ಆದರೆ ಗಲ್ಲಿಯ ಆಚೆ ಅವಳು ಯಾರಿಗೂ ಗೊತ್ತಿರಲಿಲ್ಲ. ಮಹಡಿ ಮನೆಗೆ ಬಾಡಿಗೆಗೆ ಬಂದ ಸುಕೃತಿ ವೆಬ್ ಡಿಸೈನ್ ಮಾಡುವವಳು. "ನಿಮ್ದೇ ಒಂದು ಪೇಜ್ ಮಾಡೋಣ ಲಾವಣ್ಯಾ" ಅಂದಳು. ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತರು. ಬಣ್ಣ ಯಾವುದು, ಹೆಸರು ಎಷ್ಟು ದಪ್ಪ ಇರಬೇಕು, ಒಂದೊಂದಕ್ಕೂ ಲಾವಣ್ಯ ಹಟ ಹಿಡಿದಳು. ಅಯ್ಯೋ, ಆ ಖುಷಿ ನೋಡಬೇಕಿತ್ತು! ಮುಖದ ಫೋಟೋ ಮಾತ್ರ ಬೇಡವೇ ಬೇಡ ಅಂದಳು. ಹಿಂದೆ ಹಾಕಿದ್ದ ಒಂದು ನವಿಲಿನ ಮೇಲೆ ಸೂಜಿ ಹಿಡಿದ ಅವಳ ಬಲಗೈಯ ಫೋಟೋವನ್ನೇ ಪೇಜಿನ ಮೇಲ್ಗಡೆ ಹಾಕಿದರು. ಕೊನೆಗೆ ಉಳಿದಿದ್ದು ಫೋನ್ ನಂಬರು. ಅತ್ತೆ ರಾಮಕ್ಕ ಬಾಗಿಲಲ್ಲೇ ನಿಂತಿದ್ದಳು.

"ಎಂಗುಸ್ರ ನಂಬರ್ ಊರಿಗೆಲ್ಲಾ ಯಾಕವ್ವಾ? ನಮ್ ಲೋಕೇಸಂದೇ ಆಕು. ಗಂಡ್ನ ನಂಬರ್ ಇದ್ರೆ ಯಾರೂ ತಂಟೆಗ್ ಬರಲ್ಲ."

ಲಾವಣ್ಯಳಿಗೂ ಅದೇ ಸರಿ ಅನ್ನಿಸಿತು. ಗಂಡನಿಗೆ ಮರ್ಯಾದೆ ಕೊಟ್ಟ ಹಾಗೂ ಆಯ್ತು, ಕಿರಿಕಿರಿಯೂ ತಪ್ಪಿತು ಅಂದುಕೊಂಡಳು. ಲೋಕೇಶನೂ ಮೀಸೆ ಮೇಲೆ ಕೈಯಾಡಿಸಿ ಹೂಂ ಅಂದಿದ್ದ. ಆಮೇಲೆ ಫೋನುಗಳು ಬರತೊಡಗಿದವು. ಅವನು ಶೆಡ್ಡಿನಲ್ಲಿ ಲೇತ್ ಮಿಷನ್ ಮುಂದೆ ನಿಂತಾಗಲೆಲ್ಲ ಯಾರೋ ಒಬ್ಬಳು, "ಮೇಡಂಗೆ ಕೊಡ್ರೀ ಫೋನು." ಶೆಡ್ಡಿನವರು ಬಿಡುತ್ತಾರೆಯೇ? "ಏನ್ ಗುರು, ಮೇಡಂ ಬಿಜಿನಾ?" ಅಂತ ದಿನಾ ರೇಗಿಸಿದರು.

"ತೆಗ್ಸು ಆ ಪೇಜ್ನ. ಈಗ್ಲೇ" ಅಂದ ಲೋಕೇಶ, ಹೊಡೆದ ಕೈ ಇಳಿಸದೆ.

"ತೆಗ್ಸಲ್ಲ" ಅಂದಳು ಲಾವಣ್ಯ. ಅಂದ ಮೇಲೆ ಅವಳಿಗೇ ಗಾಬರಿಯಾಯಿತು.

ಅವನು ಚೌಕಟ್ಟನ್ನು ಎತ್ತಿ ನೆಲಕ್ಕೆ ಬಡಿದ. ಮರ ಸೀಳಿ, ರೇಷ್ಮೆ ನವಿಲಿನ ಕತ್ತಿನ ತನಕ ಹರಿಯಿತು. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಅವಳು ಬಿಡಿಸಿಕೊಂಡು ಹೊರಗೆ ಓಡಲು ಬಾಗಿಲಿನ ಚೌಕಟ್ಟು ಹಿಡಿದಳು. ಅವನು ಕಬ್ಬಿಣದ ಬಾಗಿಲನ್ನು ರಪ್ಪನೆ ಎಳೆದ. ಸಂದಿಯಲ್ಲಿ ಅವಳ ಬಲಗೈ ಇತ್ತು. ಅವನು ಕಂಡೇ ಎಳೆದ, ಅದರಲ್ಲಿ ಅನುಮಾನ ಬೇಡ.

ಕಿರುಚಿದ್ದು ಒಳಗಿನಿಂದ ಓಡಿ ಬಂದ ರಾಮಕ್ಕ. ಲಾವಣ್ಯ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಗೆ ಎಡಗೈ ಹಾಕಿದವಳೇ ಬೀಸಿದಳು. ಅವನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು.

"ಕೊಂದೇ ಬಿಡ್ತೀಯೇನೇ!" ಅಂತ ಕೂಗಿದ ಲೋಕೇಶ.

"ಇನ್ನೊಂದ್ಸಲ ಮುಟ್ಟು. ಕೊಂದೇ ಬಿಡ್ತೀನಿ."

ಅವನು ಹಾಗೇ ಕುಸಿದು ಕೂತ. ಇಷ್ಟು ವರ್ಷ ಏಟು ತಿಂದವಳಿಗೆ ಆ ಗಳಿಗೆಯಲ್ಲಿ ಅವನು ಎಷ್ಟು ಸಣ್ಣವನಾಗಿ ಕಂಡನೋ!

ಗಲಾಟೆ ಕೇಳಿ ಇಳಿದು ಬಂದ ಸುಕೃತಿಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬೆರಳ ಮೂಳೆ ಮುರಿದಿತ್ತು. ಮೊದಲಿನ ಹಾಗೆ ಮಡಿಚಲಿಕ್ಕೆ ಆಗುತ್ತೋ ಇಲ್ಲವೋ, ಕಟ್ಟು ಬಿಚ್ಚಿದ ಮೇಲೇ ಗೊತ್ತಾಗೋದು ಅಂದರು ಡಾಕ್ಟರು. ಸೂಜಿ ಹಿಡಿಯೋಕಾಗುತ್ತಾ ಅಂತ ಲಾವಣ್ಯ ಮತ್ತೆ ಮತ್ತೆ ಕೇಳಿದಳು.

ಅವರು ವಾಪಸು ಬಂದಾಗ ರಾಮಕ್ಕ ಮಹಡಿ ಮೆಟ್ಟಿಲಿನ ಮೇಲೆ ಕೂತಿದ್ದಳು. ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಕೆಳಗೆ ನಿಂತಿದ್ದ ಮಗ, "ಮೇಲಕ್ ಬಿಡ್ಬೇಡ ಅವಳ್ನ" ಅಂದ. ರಾಮಕ್ಕ ಕಾಲು ಮಡಿಚಿ ಸೊಸೆಗೆ ದಾರಿ ಬಿಟ್ಟಳು. ಸೊಸೆ ದಾಟಿದ ಮೇಲೆ ಮತ್ತೆ ಅಡ್ಡ ಚಾಚಿದಳು.

"ನನ್ನ ತುಳ್ಕೊಂಡ್ ಓಗು, ಬಾ."

ಅವನು ಹೋಗಲಿಲ್ಲ.

ಸುಕೃತಿ ಲ್ಯಾಪ್‌ಟಾಪ್ ತೆಗೆದಳು. "ಡಿಲೀಟ್ ಮಾಡ್ಬಿಡ್ಲಾ? ನನ್ನಿಂದಾನೇ ಆಗಿದ್ದು ಇದೆಲ್ಲಾ."

"ಪೇಜ್ ಇರ್ಲಿ. ಕೆಳಗಿನ ನಂಬರ್ ತೆಗೀರಿ. ಅಲ್ಲ, ಬೇಡ. ನಾನೇ ತೆಗೀತೀನಿ."

ಎಡಗೈಯ ತೋರುಬೆರಳಿನಿಂದ ಗಂಡನ ನಂಬರನ್ನು ಒಂದೊಂದೇ ಅಂಕಿ ಅಳಿಸಿದಳು. ತನ್ನದನ್ನು ಹುಡುಕಿ ಹುಡುಕಿ ಒತ್ತಿದಳು. ತಪ್ಪಾಯಿತು. ಅಳಿಸಿ ಮತ್ತೆ ಒತ್ತಿದಳು.

ಮಾರನೇ ದಿನ ಬೆಳಿಗ್ಗೆ, ಸುಕೃತಿಯ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದಾಗ, ಲಾವಣ್ಯಳ ಮೊಬೈಲು ರಿಂಗಾಯಿತು. ಗೊತ್ತಿಲ್ಲದ ನಂಬರು. ಎಳೆಯ ಹೆಣ್ಣುದನಿ.

"ಲಾವಣ್ಯ ಮೇಡಂ ಇದಾರಾ?"

"ನಾನೇ ಮಾತಾಡ್ತಿರೋದು. ಹೇಳಿ."

ಆ ಹುಡುಗಿಗೆ ಮದುವೆ ಗೊತ್ತಾಗಿತ್ತಂತೆ. ರವಿಕೆಗೆ ಪೇಜಿನಲ್ಲಿದ್ದ ಅದೇ ನವಿಲು ಬೇಕಂತೆ. ಲಾವಣ್ಯ ಎಲ್ಲ ಕೇಳಿಸಿಕೊಂಡಳು.

"ಕೈಗೆ ಏಟಾಗಿದೆ ಕಣಮ್ಮಾ" ಅಂದಳು. "ಕಾಯ್ತೀರಾ?"

ಆ ಕಡೆ ಹುಡುಗಿ ಯಾರನ್ನೋ ಕೇಳಲು ಹೋದಳು. ಲಾವಣ್ಯ ಮೊಬೈಲನ್ನು ಕಿವಿಗೊತ್ತಿಕೊಂಡು, ಲ್ಯಾಪ್‌ಟಾಪಿನಲ್ಲಿ ಸೂಜಿ ಹಿಡಿದಿದ್ದ ತನ್ನ ಬಲಗೈಯನ್ನು ನೋಡುತ್ತಾ ನಿಂತಳು.