ಟಗರು ತಲೆ ಕೊಡವಿದ್ದು

ಮೂಗಿನ ನೊಣ ಬರುವುದು ಬೇಸಿಗೆಯ ಮಟಮಟ ಮಧ್ಯಾಹ್ನ. ಅದು ಕುರಿಯನ್ನು ಕಚ್ಚುವುದಿಲ್ಲ. ಮೂಗಿನ ಹೊಳ್ಳೆಯೊಳಗೆ ಮರಿಹುಳ ಬಿಟ್ಟು ಹಾರಿಹೋಗುತ್ತದೆ. ಅದರ ಸದ್ದು ಕೇಳಿದರೆ ಸಾಕು, ಕುರಿಗಳು ಮೇಯುವುದು ಬಿಟ್ಟು, ಒಂದರ ಹೊಟ್ಟೆಯಡಿ ಒಂದು ಮೂತಿ ತೂರಿಸಿ ಗುಂಪುಗಟ್ಟಿ ನಿಲ್ಲುತ್ತವೆ. ಒಳಗೆ ಸೇರಿದ ಮರಿ ತಲೆಯ ಎಲುಬಿನ ಸಂದಿಯಲ್ಲಿ ಬೆರಳ ತುದಿಯಷ್ಟು ದಪ್ಪ ಬೆಳೆಯುತ್ತದೆ. ಸಿರ್ಗಾಪುರದ ಕುರುಬ ಮಾಳಿಂಗಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ.

ನಿಜಾಮರ ಆಳಿಕೆಯ ಕಾಲ. ಆ ವರ್ಷ ಅವನ ಒಬ್ಬನೇ ಮಗ ಯಂಕಪ್ಪ ಜ್ವರ ಬಂದು, ಮೈಮೇಲೆ ಎಚ್ಚರವಿಲ್ಲದೆ ಮಲಗಿದ. ನಾರಾಯಣಖೇಡದ ಹಕೀಮರು "ಇನ್ನು ಮೇಲಿನವನ ಮರ್ಜಿ" ಎಂದು ಎದ್ದುಹೋದರು. ಮಾಳಿಂಗಪ್ಪ ಬೀರಪ್ಪನ ಕಟ್ಟೆಗೆ ಹೋಗಿ ಹಣೆ ಹಚ್ಚಿದ.

"ಮಗನ್ನ ಉಳಸು ತಂದೆ. ಹಿಂಡಿನಾಗ ನೀ ಯಾವುದು ಕೇಳ್ತಿ, ಅದು ನಿಂದು."

ಯಂಕಪ್ಪ ಉಳಿದ. ಗಂಜಿ ಕುಡಿದ. ಕಂಬಳಿ ಹೊದ್ದು ಅಂಗಳಕ್ಕೆ ಬಂದು ಕೂತ.

ದೇವರು ಕೇಳುವ ರೀತಿ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕುರಿಗೆ ಭಂಡಾರದ ಅರಿಶಿನ ಹಚ್ಚಿ ಬೆನ್ನಿಗೆ ನೀರು ಬಿಡಬೇಕು. ತಲೆ ಕೊಡವಿದರೆ ದೇವರು ಅದನ್ನು ತನಗೆ ಕೇಳಿದ ಹಾಗೆ. ಸುಮ್ಮನೆ ನಿಂತರೆ ಒಲ್ಲೆ ಅಂದ ಹಾಗೆ.

ಹರಕೆಯ ದಿನ ಹಿಂಡು ಕಟ್ಟೆಯ ಮುಂದೆ ನಿಂತಿತ್ತು. ಮಾಳಿಂಗಪ್ಪ ತಂಬಿಗೆ ಎತ್ತುವ ಮೊದಲೇ ಹಣೆಚುಕ್ಕಿಯ ಟಗರು ಪಟಪಟ ತಲೆ ಕೊಡವಿತು. ಹುಟ್ಟುತ್ತಲೇ ತಾಯಿ ಸತ್ತ ಮರಿ ಅದು. ಯಂಕಪ್ಪನ ಹೆಂಡತಿ ಮೋನಮ್ಮ ಆಡಿನ ಹಾಲು ಕುಡಿಸಿ, ಸೆರಗಿನಲ್ಲಿ ಸುತ್ತಿಟ್ಟುಕೊಂಡು ಬದುಕಿಸಿದ್ದಳು.

"ಮಾವಾ, ತಡೀರಿ," ಮೋನಮ್ಮ ಮುಂದೆ ಬಂದಳು. "ಅದು ಹುಣ್ಣಿವಿಯಿಂದ ಹಿಂಗೇ ತಲಿ ಕೊಡವಾಕತ್ತದ. ಸೀನತದ, ಮೂಗು ಕಲ್ಲಿಗಿ ತಿಕ್ಕತದ. ಒಮ್ಮಿ ಮೂಗು ನೋಡ್ರಿ."

"ಹುಣ್ಣಿವಿಯಿಂದ ಕೇಳಾಕತ್ಯಾನ ಅಂದ್ರ ನಾವೇ ತಡ ಮಾಡೀವಿ, ಮೋನವ್ವ." ಮಾಳಿಂಗಪ್ಪನ ಕಣ್ಣು ತುಂಬಿತ್ತು. ತನ್ನಂಥವನ ಮಾತಿಗೆ ದೇವರು ಇಷ್ಟು ಬೇಗ ಓಗೊಟ್ಟನಲ್ಲ ಎಂಬ ಹಿಗ್ಗು.

ನೆರೆಮನೆಯ ಲಚ್ಚಮ್ಮ ಮೂಗು ಮುರಿದಳು. "ಏನವ್ವಾ ತಾಯಿ! ಗಂಡ ಎದ್ದು ಕುಂತಾನ, ನೀ ಟಗರಿಗಿ ಅಳ್ತಿ? ಕುಂಕುಮ ಯಾರ ಹೆಸರಿಲೆ ಹಚ್ಚಕೊಂಡೀದಿ, ನೆನಪು ಮಾಡಕೋ."

ಹೆಂಗಸರು ನಕ್ಕರು. ಮೋನಮ್ಮ ಕಟ್ಟೆಗೆ ಒರಗಿ ಕೂತಿದ್ದ ಗಂಡನ ಸೊರಗಿದ ಮುಖ ನೋಡಿದಳು. ಟಗರಿನ ಕೊರಳ ಗಂಟೆಯನ್ನು ತಾನೇ ಬಿಚ್ಚಿದಳು. ಅದು ಅವಳ ಅಂಗೈಗೆ ಮೂಗು ತಿಕ್ಕಿತು.

ಹೊತ್ತು ಇಳಿಯುವಾಗ, ಬಲಿಯಾದ ಟಗರಿನ ತಲೆಯನ್ನು ಅಡಿಗೆಗೆಂದು ಒಡೆದವನು ಮಾಳಿಂಗಪ್ಪನೇ. ಎಲುಬಿನ ಸಂದಿಯಿಂದ ಹುಳ ಉದುರಿದವು. ದಪ್ಪನೆಯ ಬಿಳಿ ಹುಳ, ಮೈಮೇಲೆ ಕಪ್ಪು ಪಟ್ಟೆ, ಇನ್ನೂ ಜೀವವಿತ್ತು. ಅಂಗೈಯಲ್ಲಿ ಹೊರಳಾಡುವ ಅವನ್ನು ನೋಡುತ್ತ ಕೂತುಬಿಟ್ಟ. ಹುಟ್ಟಿದಾಗಿನಿಂದ ಕುರಿಯ ಬೆನ್ನು ಹಿಡಿದವನು. ಸೀನುವ ಟಗರಿನ ಮೂತಿ ಎತ್ತಿ ನೋಡಲು ಎಷ್ಟು ಹೊತ್ತು ಬೇಕಿತ್ತು?

ಬೋಗುಣಿ ಒಯ್ಯಲು ಬಂದ ಮೋನಮ್ಮ ಅವನ ಅಂಗೈ ನೋಡಿದಳು.

"ಒಲಿಯಾಗ ಹಾಕ್ರಿ ಮಾವಾ," ಅಂದಳು. "ಮಂದಿ ಉಣ್ಣಾಕ ಬರ್ತಾರ, ತಡ ಆಗ್ತದ."

ಅಷ್ಟೇ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಂದಿ ಉಂಡು ಹೋದರು, ಅವನು ಉಣ್ಣಲಿಲ್ಲ. ಬೀರಪ್ಪನ ಮುಂದೆ ಹೋಗಿ ಕೂತ. ದೇವರು ಎಂದಿನ ಹಾಗೆ ಸುಮ್ಮನಿದ್ದ. ಕಲ್ಲಿನ ಮೇಲಿನ ಭಂಡಾರ ಒಂದಿಷ್ಟೂ ಉದುರಿರಲಿಲ್ಲ. ಟಗರು ತಲೆ ಕೊಡವಿದ ಮುಂಜಾನೆಯೂ ಹೀಗೇ ಸುಮ್ಮನಿದ್ದನಲ್ಲ ಎಂಬುದು ಮಾಳಿಂಗಪ್ಪನಿಗೆ ಆಗ ಹೊಳೆಯಿತು.

ಮುಂದೆ ಬೇಸಿಗೆ ಬಂದಾಗಲೆಲ್ಲ ಬೇವಿನೆಣ್ಣೆ ಅದ್ದಿದ ಅರಿವೆ ಹಿಡಿದು ಹಿಂಡಿನ ನಡುವೆ ಕೂರುತ್ತಿದ್ದ. ಒಂದೊಂದರ ಮೂತಿ ಎತ್ತಿ ಹೊಳ್ಳೆಗೆ ಸವರುತ್ತಿದ್ದ. ಎಣ್ಣೆಯ ಘಾಟಿಗೆ ಕುರಿ ತಲೆ ಕೊಡವುತ್ತಿತ್ತು. ಕೊಡವಿದ ಕೂಡಲೇ ಮುದುಕ ಅದರ ಕಿವಿ ಸವರಿ, ಗಾಬರಿಯಿಂದ, ಮೆಲ್ಲಗೆ ಹೇಳುತ್ತಿದ್ದ:

"ಇಲ್ಲವ್ವಾ, ಇಲ್ಲ. ನಾ ನಿನಗ ಏನೂ ಕೇಳಿಲ್ಲ."