ಹರಸುವ ಮುಂಚಿನ ದ್ರಾಕ್ಷಿ

ಕಲ್ಕತ್ತೆಯ ನಮ್ಮ ಆರ್ಮೇನಿಯನ್ ಚರ್ಚನ್ನು ಕಟ್ಟಿಸಿದವರಲ್ಲಿ ತಮ್ಮ ಮುತ್ತಜ್ಜನೂ ಒಬ್ಬರೆಂದು ಅತ್ತೆ ವರ್ಸೆನಿಕ್ ಅದನ್ನು ತಮ್ಮ ಅಡುಗೆಮನೆಯಂತೆ ಆಳುತ್ತಿದ್ದರು. ಆಗಸ್ಟಿನ ಮೇರಿಮಾತೆಯ ಹಬ್ಬದಲ್ಲಿ ಪಾದ್ರಿಗಳು ಹರಸುವವರೆಗೆ ನಮ್ಮಲ್ಲಿ ಯಾರೂ ದ್ರಾಕ್ಷಿ ತಿನ್ನುವಂತಿಲ್ಲ. ಬಸುರಿಯಾಗಿದ್ದ ನನಗೆ ಅದರದೇ ಬಯಕೆ.

"ಬುಟ್ಟಿ ಕಡೆ ಏನ್ ಹಂಗ್ ನೋಡ್ತೀಯ ಶುಶಾನ್? ನಮ್ಮನೆ ಹೆಂಗಸರು ಯಾವತ್ತೂ ಬಾಯಿಚಪಲದವರಲ್ಲ," ಎಂದು ಅತ್ತೆ ಹಬ್ಬದ ದಿನ ಇಡೀ ಸಭೆಯ ಎದುರೇ ಹೇಳಿದರು. ಬೆರಳೆಣಿಕೆಯ ಸಭೆ, ಆದರೂ ಅವಮಾನಕ್ಕೆ ಅಷ್ಟು ಜನ ಸಾಕು.

ಪಾದ್ರಿಗಳು ಅತ್ತೆಯ ಬುಟ್ಟಿ ನೋಡಿ, "ಈ ಸಲ ಹುಳಿ ಇಲ್ಲ ತಾನೇ, ತಾಯೀ?" ಎಂದರು.

"ಜೇನು, ಗುರುಗಳೇ. ನಾಲ್ಕಂಗಡೀಲಿ ರುಚಿ ನೋಡಿ ತಂದಿದ್ದೀನಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಪಾದ್ರಿಗಳು ಪ್ರಾರ್ಥನೆಯ ಪುಟ ಹುಡುಕತೊಡಗಿದರು. ನಾನು ಬುಟ್ಟಿಯಿಂದ ಒಂದು ಗೊಂಚಲು ಎತ್ತಿಕೊಂಡು, ಅತ್ತೆಯ ಪಕ್ಕದಲ್ಲೇ ಕೂತು ತಿಂದೆ. ಅವರು ಸುಳ್ಳು ಹೇಳಿರಲಿಲ್ಲ.